ಅಬಕಾರಿಯ ಬೊಕ್ಕಸವೂ ಮಹಾಂತ ಜೋಳಿಗೆಯೂ

ಹುಬ್ಬಳ್ಳಿಯಿಂದ ವಿಜಾಪುರ-ಸೊಲ್ಲಾಪುರಗಳ ಕಡೆಗೆ ಸಾಗುವ ಹೆದ್ದಾರಿಯ ಮೇಲೆ, ಬಾದಾಮಿಯ ಕೆಂಗಲ್ಲಿನ ಬೆಟ್ಟಗಳಿಗೆ ವಾಯವ್ಯದಲ್ಲಿ, ಹಳೆಯ ಕೋಟೆಯ ಅವಶೇಷಗಳನ್ನೂ ಮಗ್ಗದ ಮನೆಗಳನ್ನೂ ಕುರಿಸಂತೆಯ ಗದ್ದಲವನ್ನೂ ಒಟ್ಟಿಗೇ ಹೊತ್ತುಕೊಂಡು ನಿಂತಿರುವ ಊರು ಕೆರೂರ. ಇದರ ಪೂರ್ವಕ್ಕೆ ಖಣದ ಗುಳೇದಗುಡ್ಡ, ಅದಕ್ಕೂ ಆಚೆಗೆ ಹುನಗುಂದ, ಸೀರೆಗೂ ಕೆಂಪು ಗ್ರಾನೈಟಿಗೂ ಹೆಸರಾದ ಇಳಕಲ್ಲು. ಉತ್ತರಕ್ಕೆ ಘಟಪ್ರಭೆಯ ದಂಡೆಯ ಬಾಗಲಕೋಟೆ ಮತ್ತು ಒಂದು ಕಾಲಕ್ಕೆ ಆಂಗ್ಲರ ದಂಡು ಬೀಡುಬಿಟ್ಟಿದ್ದ ಕಲಾದಗಿ. ಈ ಸೀಮೆಯ ಶಾಸನಗಳನ್ನೂ ಶಿಲ್ಪಗಳನ್ನೂ ಕುರಿತು ಬರೆದವರು ಬಹಳ ಮಂದಿ. ಇಲ್ಲಿಯ ನೇಕಾರಿಕೆಯನ್ನು ಕುರಿತೂ ಸಾಕಷ್ಟು ಬರವಣಿಗೆಯಾಗಿದೆ. ಆದರೆ ಈ ನೆಲದ ಮದ್ಯದ ಚರಿತ್ರೆಯನ್ನು, ಅದರಲ್ಲಿಯೂ ಮದ್ಯಕ್ಕೆ ಎಳೆಯ ವಯಸ್ಸಿನಲ್ಲಿಯೇ ಬಲಿಬಿದ್ದವರನ್ನು ಎತ್ತಿ ನಿಲ್ಲಿಸುವದಕ್ಕೆ ಯಾರು ಎಷ್ಟು ವೆಚ್ಚ ಮಾಡಿದರೆಂಬ ಚರಿತ್ರೆಯನ್ನು, ಕ್ರಮವಾಗಿ ಹೇಳಿದವರು ಕಡಿಮೆ. ಆದಾಯದ ಲೆಕ್ಕ ಎಲ್ಲ ಕಾಲದಲ್ಲಿಯೂ ಕಾಸುಬಿಡದೆ ದಾಖಲಾಗಿದೆ. ವೆಚ್ಚದ ಲೆಕ್ಕವನ್ನು ಹುಡುಕಿ ತೆಗೆಯಬೇಕಾಗಿದೆ.

ಬಾದಾಮಿಯ ಮೂರನೆಯ ಗುಹೆಯ ಕಂಬಗಳ ಬೋದಿಗೆಗಳಲ್ಲಿ, ಕ್ರಿ. ಶ. 578ರಲ್ಲಿ ಮಂಗಲೇಶನು ಬರೆಯಿಸಿದ ಶಾಸನದ ಸಮೀಪದಲ್ಲಿಯೇ, ದಂಪತಿಗಳ ಮೂರ್ತಿಗಳಿವೆ. ಅವುಗಳಲ್ಲಿ ಒಂದೆಡೆ ಕಾಲು ನೆಲಕ್ಕೂರಲಾರದೆ ತೂಗಾಡುತ್ತಿರುವ ಸ್ತ್ರೀಯೊಬ್ಬಳನ್ನು ಜೊತೆಗಾರನು ಆನಿಸಿಕೊಂಡು ನಿಂತಿರುವದನ್ನು ಕಲಾಪಂಡಿತರು ಮದಿರಾಮತ್ತೆಯ ಚಿತ್ರವೆಂದು ಗುರುತಿಸಿದ್ದಾರೆ. ಚಾಲುಕ್ಯರ ಶಿಲ್ಪಿಗೆ ಅದು ನಿಂದೆಯ ವಿಷಯವಾಗಿರಲಿಲ್ಲ, ವಿಲಾಸದ ವಿಷಯವಾಗಿತ್ತು. ನಿಂದೆಯ ಸ್ವರವೆದ್ದದ್ದು ಐದಾರು ಶತಮಾನಗಳ ತರುವಾಯ, ಇದೇ ಹುನಗುಂದದ ಸೀಮೆಯ ಕೂಡಲಸಂಗಮದಲ್ಲಿ ಬೆಳೆದ ಬಸವಣ್ಣನೂ ಅವನ ಸಂಗಡಿಗರೂ ಆಚಾರದ ಪ್ರಶ್ನೆಯನ್ನು ಮನೆಮನೆಯ ಪ್ರಶ್ನೆಯನ್ನಾಗಿ ಮಾಡಿದಾಗ. ಆ ಶರಣರ ನಡುವೆ ಹೆಂಡದ ಮಾರಯ್ಯನೆಂಬವನೊಬ್ಬನಿದ್ದನು. ಹೆಂಡ ಮಾರುವದೇ ಅವನ ಕಾಯಕವಾಗಿತ್ತು, ಕುಡಿಯಬಂದವರಿಗೆ ತಿಳಿವಳಿಕೆ ಹೇಳುವದು ಆ ಕಾಯಕದೊಳಗಿನ ಅವನ ವ್ರತವಾಗಿತ್ತೆಂದು ಪರಂಪರೆ ಹೇಳುತ್ತದೆ. ಮಾರುವವನೇ ಎಚ್ಚರಿಸುವವನೂ ಆಗಬಲ್ಲನೆ ಎಂಬ ಈ ವಿಚಿತ್ರ ಪ್ರಶ್ನೆಯನ್ನು ನಾವು ಮುಂದೆ ಮತ್ತೊಮ್ಮೆ ಎದುರಿಸಬೇಕಾಗುವದು. ಏಕೆಂದರೆ ಇಂದು ಮಾರಯ್ಯನ ಸ್ಥಾನದಲ್ಲಿ ನಿಂತಿರುವದು ಸರಕಾರ.

ಪೇಶವಾಯಿ ಅಳಿದು 1818ರಲ್ಲಿ ಈ ಸೀಮೆ ಕಂಪನಿಯ ಕೈಸೇರಿದಾಗ ಮದ್ಯದ ವ್ಯವಹಾರವು ಮಕ್ತೆಯ ಪದ್ಧತಿಯಲ್ಲಿ ನಡೆಯಿತು. ಇಂತಿಷ್ಟು ಹಣ ಕಟ್ಟಿದ ಮಕ್ತೇದಾರನು ಇಂತಿಷ್ಟು ಹಳ್ಳಿಗಳಲ್ಲಿ ಸೆರೆಯನ್ನೂ ಸಿಂದಿಯನ್ನೂ ಮಾರಬಹುದಾಗಿತ್ತು. ಯಾರಿಗೆ ಮಾರಿದನು, ಎಷ್ಟು ಮಾರಿದನು ಎಂಬುದು ಕಚೇರಿಗೆ ಬೇಕಾಗಿರಲಿಲ್ಲ. 1864ರಲ್ಲಿ ಕಲಾದಗಿಯು ಪ್ರತ್ಯೇಕ ಜಿಲ್ಲೆಯಾಯಿತು. 1885ರಲ್ಲಿ ಅದರ ಮುಖ್ಯ ಠಾಣ್ಯವು ವಿಜಾಪುರಕ್ಕೆ ಹೋಯಿತು. ಇದರ ನಡುವೆ ಬಂದ 1878ರ ಮುಂಬಯಿ ಅಬಕಾರಿ ಕಾಯಿದೆಯು ಹಳೆಯ ಸಡಿಲ ಮಕ್ತೆಯನ್ನು ಬಿಗಿಗೊಳಿಸಿತು. ಎಲ್ಲೆಂದರಲ್ಲಿ ಉರಿಯುತ್ತಿದ್ದ ಸಣ್ಣ ಭಟ್ಟಿಗಳನ್ನು ಮುಚ್ಚಿಸಿ ಸರಕಾರದ ಕಣ್ಣಿನ ಕೆಳಗಿನ ದೊಡ್ಡ ಭಟ್ಟಿಗಳಲ್ಲಿ ಮಾತ್ರ ಸೆರೆ ಇಳಿಸುವದು, ಇಳಿಸಿದ ಸೆರೆಯ ಕಾವಿಗೆ ತಕ್ಕಂತೆ ಸುಂಕ ಹಾಕುವದು, ಗೀರಿದ ಈಚಲು ಮರವೊಂದೊಂದಕ್ಕೂ ತೆರಿಗೆ ಎತ್ತುವದು, ಅಂಗಡಿಗಳನ್ನು ಲಿಲಾವಿನಲ್ಲಿ ಕೊಡುವದು, ಇವು ಹೊಸ ಪದ್ಧತಿಯ ಲಕ್ಷಣಗಳಾಗಿದ್ದವು. ಬೆಲೆ ಹೆಚ್ಚಿಸಿದರೆ ಕುಡಿತ ತಗ್ಗುವದು, ಕುಡಿತ ತಗ್ಗಿದರೂ ಆದಾಯ ತಗ್ಗದು ಎಂಬುದು ಆ ಅಧಿಕಾರಿಗಳ ಸೂತ್ರವಾಗಿತ್ತು. ಅವರ ನೀತಿಯಲ್ಲಿ ಎರಡನೆಯ ಅರ್ಧವೇ ಯಾವಾಗಲೂ ಮೊದಲು ಈಡೇರಿತೆಂದು ಹೇಳಿದರೆ ಅನ್ಯಾಯವಾಗಲಾರದು. ಗಾಂಜಾ ಭಂಗಿಗಳ ವಿಷಯದಲ್ಲಿ 1893-94ರಲ್ಲಿ ಒಂದು ದೊಡ್ಡ ಆಯೋಗವೇ ಕುಳಿತು ಸಂಪುಟಗಟ್ಟಲೆ ಸಾಕ್ಷ್ಯ ಸಂಗ್ರಹಿಸಿತು. ಅದರ ಸಲಹೆಯೂ ಕೊನೆಗೆ ಪರವಾನಿಗೆ ಮತ್ತು ತೆರಿಗೆಗಳಲ್ಲಿಯೇ ಬಂದು ನಿಂತಿತು.

ಚಟಕ್ಕೆ ಬಿದ್ದ ಹುಡುಗನಿಗಾಗಿ ಈ ಕಾಲದಲ್ಲಿ ಏನಿತ್ತೆಂದರೆ, ಸರಕಾರದ ಕಡೆಯಿಂದ ಏನೂ ಇರಲಿಲ್ಲ. ಧಾರವಾಡದಲ್ಲಿ 1845ರಷ್ಟು ಹಿಂದೆಯೇ ಹುಚ್ಚಾಸ್ಪತ್ರೆಯೊಂದು ತೆರೆದಿದ್ದಿತು. ಬುದ್ಧಿ ಪೂರ್ಣ ಕೆಟ್ಟವನನ್ನು ಅಲ್ಲಿಗೆ ಒಯ್ಯಬಹುದಾಗಿತ್ತು, ಕೆಡುವ ದಾರಿಯಲ್ಲಿರುವವನನ್ನಲ್ಲ. ಊರಿನಲ್ಲಿ ಮಾತ್ರ ಒಂದು ಸಂಸ್ಥೆ ಇದ್ದಿತು, ಅದು ಗರಡಿಮನೆ. ಕೆರೂರ, ಬಾದಾಮಿ, ಗುಳೇದಗುಡ್ಡಗಳ ಓಣಿಗಳಲ್ಲಿ ಮೀಸೆ ಮೂಡುವ ವಯಸ್ಸಿನ ಹುಡುಗರು ನಸುಕಿನಲ್ಲಿಯೇ ಕೆಮ್ಮಣ್ಣಿನ ಅಖಾಡಕ್ಕಿಳಿದು ಸಾಮು ತೆಗೆಯುತ್ತಿದ್ದರು. ಬೀಡಿ ಸೇದಿದವನ ಬಾಯಿಯ ವಾಸನೆ ಉಸ್ತಾದನ ಮೂಗಿಗೆ ತಪ್ಪುತ್ತಿರಲಿಲ್ಲ. ಸಿಕ್ಕಿಬಿದ್ದವನಿಗೆ ನೂರು ಬೈಠಕಿನ ಶಿಕ್ಷೆಯೋ ನಾಲ್ಕು ದಿನ ಮಣ್ಣು ಮುಟ್ಟದಿರುವ ಅವಮಾನವೋ ಕಾದಿರುತ್ತಿದ್ದಿತು. ಆಸ್ಪತ್ರೆಗೆ ಹೋಗುವ ಹಂತಕ್ಕಿಂತ ಬಹಳ ಮೊದಲೇ, ಚಟವು ಇನ್ನೂ ಚಪಲವಾಗಿರುವಾಗಲೇ, ಹುಡುಗನಿಗೆ ಪರಿಚಿತನೂ ಪೂಜ್ಯನೂ ಆದ ಹಿರಿಯನೊಬ್ಬನು ಅದನ್ನು ಕಂಡುಹಿಡಿದು ತಡೆಯುವ ವ್ಯವಸ್ಥೆ ಇದು. ಇದಕ್ಕೆ ತಗಲುತ್ತಿದ್ದ ವೆಚ್ಚ ಕೆಮ್ಮಣ್ಣು, ಎಣ್ಣೆ, ನಾಗರಪಂಚಮಿಯ ಕುಸ್ತಿಗೆ ಊರವರು ಕೂಡಿಹಾಕಿದ ವರ್ಗಣಿ. ಇಂದಿನ ವರದಿಗಳು ಆರಂಭಿಕ ಹಸ್ತಕ್ಷೇಪವೆಂದು ಕರೆಯುವ ಕೆಲಸವನ್ನು ಅಕ್ಷರ ಬಾರದ ಉಸ್ತಾದರು ಮಾಡುತ್ತಿದ್ದರೆಂಬುದನ್ನು ಒಪ್ಪಿದ ಮೇಲೆ, ಆ ಗರಡಿಯ ಬಾಗಿಲು ಊರಿನ ಎಲ್ಲ ಕೇರಿಯ ಹುಡುಗರಿಗೂ ಸಮನಾಗಿ ತೆರೆದಿರಲಿಲ್ಲವೆಂಬುದನ್ನೂ, ಹುಡುಗಿಯರಿಗಂತೂ ಅದು ಇರಲೇ ಇಲ್ಲವೆಂಬುದನ್ನೂ ಒಪ್ಪಬೇಕು.

ಮದ್ಯದ ಹಣಕ್ಕೂ ಎಳೆಯರಿಗೂ ನೇರವಾದ ಸಂಬಂಧವೊಂದು ಏರ್ಪಟ್ಟದ್ದು 1919ರ ಸುಧಾರಣಾ ಶಾಸನದಿಂದ. ದ್ವಿಮುಖ ಪ್ರಭುತ್ವವೆಂದು ಹೆಸರು ಪಡೆದ ಆ ವ್ಯವಸ್ಥೆಯಲ್ಲಿ ಶಿಕ್ಷಣ ಮತ್ತು ಅಬಕಾರಿ ಎರಡೂ ಭಾರತೀಯ ಮಂತ್ರಿಗಳ ಕೈಗೆ ಬಂದವು. ಅಂಗಡಿ ಮುಚ್ಚಿದರೆ ಶಾಲೆಗೆ ಹಣವಿಲ್ಲ, ಶಾಲೆ ನಡೆಯಬೇಕಾದರೆ ಅಂಗಡಿ ನಡೆಯಬೇಕು ಎಂಬ ಸ್ಥಿತಿಯನ್ನು ಗಾಂಧೀಜಿಯವರು ಸುಧಾರಣೆಗಳ ಅತ್ಯಂತ ಕ್ರೂರ ವಿಡಂಬನೆಯೆಂದು ಎಣಿಸಿದರು. ತಂದೆ ಕುಡಿದ ಸೆರೆಯ ಸುಂಕದಿಂದ ಮಗನಿಗೆ ಅಕ್ಷರಾಭ್ಯಾಸ. ಈ ಏರ್ಪಾಟಿನ ನಾಚಿಕೆ ಅಂದಿನವರಿಗೆ ತಟ್ಟಿತು. 1921ರ ಜುಲೈ 1ರಂದು ಧಾರವಾಡದಲ್ಲಿ ಸೆರೆಯಂಗಡಿಗಳ ಮುಂದಿನ ಪಿಕೆಟಿಂಗಿನ ಗದ್ದಲದಲ್ಲಿ ಪೊಲೀಸರ ಗುಂಡಿಗೆ ಮೂವರು ಖಿಲಾಫತ್ ಸ್ವಯಂಸೇವಕರು ಬಲಿಯಾದರು. ಕೃಷ್ಣೆಯ ದಂಡೆಯ ಆಲಮಟ್ಟಿಯಲ್ಲಿ ವಿದ್ಯಾಲಯ ಕಟ್ಟಿದ ಹರ್ಡೇಕರ ಮಂಜಪ್ಪನವರು ತರುಣರಿಗೆ ಸ್ವದೇಶೀ ವ್ರತದೊಂದಿಗೆ ನಿರ್ವ್ಯಸನದ ವ್ರತವನ್ನೂ ಬೋಧಿಸಿದರು. ಅತ್ತ ಮೈಸೂರು ಸಂಸ್ಥಾನದ ತುರುವನೂರಿನಲ್ಲಿ 1939ರಲ್ಲಿ ಈಚಲುಮರಗಳಿಗೇ ಕೊಡಲಿ ಬಿದ್ದಿತು. ಈ ಚಳವಳಿಗಳೆಲ್ಲ ಅಂಗಡಿಯನ್ನು ಗುರಿಯಾಗಿಸಿದವು; ಈಗಾಗಲೇ ಅಂಗಡಿಯನ್ನು ಬಿಟ್ಟಿರಲಾರದವನ ಗತಿಯೇನೆಂಬ ಪ್ರಶ್ನೆಗೆ ಆಗ ಬಿಡುವಿರಲಿಲ್ಲ.

ಸ್ವಾತಂತ್ರ್ಯ ಬಂದ ಮೇಲೆ ಆ ಪ್ರಶ್ನೆಯನ್ನು ಕೇಳಲು ಬಿಡುವು ದೊರೆಯಬೇಕಾಗಿತ್ತು. ಸಂವಿಧಾನದ 47ನೆಯ ಅನುಚ್ಛೇದವು ಆರೋಗ್ಯಕ್ಕೆ ಹಾನಿಕರವಾದ ಮಾದಕ ಪೇಯ ಮತ್ತು ದ್ರವ್ಯಗಳ ನಿಷೇಧಕ್ಕೆ ರಾಜ್ಯವು ಯತ್ನಿಸಬೇಕೆಂದು ಹೇಳಿತು. ಮುಂಬಯಿ ರಾಜ್ಯವು 1949ರ ಪಾನನಿಷೇಧ ಕಾಯಿದೆಯನ್ನು ಮಾಡಿ, 1950ರ ಎಪ್ರಿಲ್ 6ರಿಂದ ರಾಜ್ಯವಿಡೀ ಸಂಪೂರ್ಣ ನಿಷೇಧವನ್ನು ಜಾರಿಗೊಳಿಸಿತು. ವಿಜಾಪುರ ಜಿಲ್ಲೆಯ ಭಾಗವಾಗಿದ್ದ ಕೆರೂರ, ಬಾದಾಮಿ, ಹುನಗುಂದಗಳಲ್ಲಿ ದಾರೂಬಂದಿ ಎಂಬ ಮರಾಠಿಯ ಮಾತೇ ರೂಢಿಯಾಯಿತು. ಅಬಕಾರಿಯ ಆದಾಯವೆಂಬ ದೊಡ್ಡ ನದಿಯನ್ನೇ ಬತ್ತಿಸಿಕೊಳ್ಳುವ ಧೈರ್ಯವನ್ನು ಆ ಸರಕಾರ ತೋರಿಸಿತೆಂಬುದನ್ನು ಅದರ ವೈರಿಗಳೂ ಅಲ್ಲಗಳೆಯಲಾರರು. ಆದರೆ ಆ ಕಾಯಿದೆಯ ಕೈಯಲ್ಲಿದ್ದುದು ಮುಖ್ಯವಾಗಿ ಲಾಠಿ. ವೈದ್ಯನಿಗೆ ಅದರಲ್ಲಿ ಬಂದ ಪಾತ್ರವೆಂದರೆ, ಬಹುಮಟ್ಟಿಗೆ, ಇಂಥವನಿಗೆ ಪ್ರಕೃತಿಯ ನಿಮಿತ್ತ ಇಷ್ಟು ಮದ್ಯ ಬೇಕೆಂದು ಪರವಾನಿಗೆಯ ಪ್ರಮಾಣಪತ್ರ ಕೊಡುವದು. ಹಣವಂತನು ಪರವಾನಿಗೆಯವನಾದನು, ಬಡವನು ಹಳ್ಳದ ದಂಡೆಯ ಕಳ್ಳಭಟ್ಟಿಯವನಾದನು. ಕಾರಣವನ್ನು ಕೇಳದೆ ಕಾರ್ಯವನ್ನು ನಿಷೇಧಿಸಿದ ಶಾಸನಕ್ಕೆ ಬರುವ ಗತಿಯೇ ಇದಕ್ಕೂ ಬಂದಿತೆಂದು ನನ್ನ ಅಭಿಪ್ರಾಯ.

1956ರ ನವೆಂಬರ 1ರಂದು ಈ ಸೀಮೆ ವಿಶಾಲ ಮೈಸೂರು ರಾಜ್ಯವನ್ನು ಸೇರಿದ ಮೇಲೆಯೂ ಹನ್ನೊಂದು ವರ್ಷ ದಾರೂಬಂದಿ ಹೆಸರಿಗಾದರೂ ಉಳಿದಿತ್ತು. 1967ರಲ್ಲಿ ನಿಜಲಿಂಗಪ್ಪನವರ ಸರಕಾರವು ಅದನ್ನು ತೆಗೆದುಹಾಕಿ, 1965ರ ಅಬಕಾರಿ ಕಾಯಿದೆಯನ್ನು ಜಾರಿಗೆ ತಂದಿತು. ಹದಿನೇಳು ವರ್ಷ ಹಗಲಿನಲ್ಲಿ ಕಾಣದಿದ್ದ ಸಾರಾಯಿ ಅಂಗಡಿಗಳು ಮತ್ತೆ ಸಂತೆಯ ಬೀದಿಗೆ ಬಂದವು. ಲಿಲಾವು ಮತ್ತೆ ಕೂಗಲ್ಪಟ್ಟಿತು. ಆ ಅಂಗಡಿಗಳು ತೆರೆದ ಕಾಲಕ್ಕೆ ಹತ್ತು-ಹನ್ನೆರಡು ವರ್ಷದವರಾಗಿದ್ದ ಹುಡುಗರು, ಸಾರಾಯಿಯನ್ನು ಕದ್ದು ಕುಡಿಯುವ ವಸ್ತುವಾಗಿ ಮಾತ್ರ ಕೇಳಿದ್ದ ಹುಡುಗರು, ಅದು ಉಪ್ಪು-ಎಣ್ಣೆಯಂತೆ ಮಾರಾಟವಾಗುವದನ್ನು ನೋಡುತ್ತ ದೊಡ್ಡವರಾದರು. ಗ್ರಾನೈಟಿನ ಖಣಿಯಲ್ಲಿಯೂ ಮಗ್ಗದಲ್ಲಿಯೂ ವಾರದ ಬಟವಡೆಯ ದಿನವೇ ಕುಡಿತದ ದಿನವಾಯಿತು. ಮಳೆ ಕೈಕೊಟ್ಟ ವರ್ಷ ಗುಳೆ ಎದ್ದು ಗೋವೆಗೂ ಮಂಗಳೂರಿಗೂ ಹೋದ ಕುಟುಂಬಗಳ ತರುಣರು ಹಣದೊಂದಿಗೆ ಬೇರೆ ಅಭ್ಯಾಸಗಳನ್ನೂ ಊರಿಗೆ ತಂದರು.

ಈ ಸ್ಥಿತಿಯಲ್ಲಿಯೇ ಇಳಕಲ್ಲಿನಿಂದ ಒಂದು ಹೊಸ ಕ್ರಮ ಹುಟ್ಟಿತು. ಚಿತ್ತರಗಿ-ಇಳಕಲ್ಲಿನ ವಿಜಯಮಹಾಂತೇಶ್ವರ ಸಂಸ್ಥಾನಮಠಕ್ಕೆ 1970ರಲ್ಲಿ ಬಂದ ಮಹಾಂತ ಶಿವಯೋಗಿಗಳು ಜಮಖಂಡಿ ಸೀಮೆಯ ಹಿಪ್ಪರಗಿಯಲ್ಲಿ 1930ರ ಆಗಸ್ಟ್ 1ರಂದು ಹುಟ್ಟಿದವರು. ಮಠಾಧಿಪತಿಯನ್ನು ಅಡ್ಡಪಲ್ಲಕ್ಕಿಯಲ್ಲಿ ಹೊತ್ತು ಮೆರೆಸುವ ರೂಢಿಯನ್ನು ಅವರು ಒಲ್ಲೆನೆಂದು, ಆ ಪಲ್ಲಕ್ಕಿಯಲ್ಲಿ ಶರಣರ ವಚನಗಳ ಕಟ್ಟನ್ನು ಇರಿಸಿ ಮೆರೆಸಿದರು. ಪಲ್ಲಕ್ಕಿಯಿಂದ ಇಳಿದ ಸ್ವಾಮಿಗಳು ಕಾಲುನಡಿಗೆಯಿಂದ ಓಣಿಗಳನ್ನು ಹೊಕ್ಕರು. 1975ರಿಂದ ಅವರ ಹೆಗಲಿಗೆ ಬಂದ ಜೋಳಿಗೆಯೇ ಮಹಾಂತ ಜೋಳಿಗೆಯೆಂದು ಪ್ರಸಿದ್ಧವಾಯಿತು.

ಜಂಗಮನು ಮನೆಯ ಮುಂದೆ ನಿಂತಾಗ ಗೃಹಿಣಿ ಮೊರದಲ್ಲಿ ಜೋಳವನ್ನೋ ಹಿಟ್ಟನ್ನೋ ತರುವದು ಈ ನಾಡಿನ ಸಹಸ್ರ ವರ್ಷಗಳ ಪದ್ಧತಿ. ಈ ಜಂಗಮರು ಜೋಳವನ್ನು ಬೇಡಲಿಲ್ಲ, ಕಾಸನ್ನೂ ಬೇಡಲಿಲ್ಲ. ನಿಮ್ಮ ಮನೆಯಲ್ಲಿರುವ ದುಶ್ಚಟವನ್ನು ಇದರಲ್ಲಿ ಹಾಕಿರೆಂದು ಬೇಡಿದರು. ತಂಬಾಕಿನ ಚಂಚಿ ಬಿದ್ದಿತು, ಬೀಡಿಯ ಕಟ್ಟು ಬಿದ್ದಿತು, ಇಸ್ಪೀಟಿನ ಎಲೆಗಳು ಬಿದ್ದವು, ಮುಂದೆ ಗುಟ್ಕಾದ ಚೀಟಿಗಳೂ ಸಾರಾಯಿಯ ಪಾಕೀಟುಗಳೂ ಬಿದ್ದವು. ವಸ್ತುವಿನೊಂದಿಗೆ ಒಂದು ಮಾತೂ ಬೀಳಬೇಕಾಗಿತ್ತು: ಇನ್ನು ಮುಟ್ಟೆನೆಂಬ ಮಾತು, ಹೆಂಡತಿಮಕ್ಕಳ ಎದುರಿಗೆ, ಓಣಿಯ ಹತ್ತು ಜನ ಕೇಳುವಂತೆ. ಭಿಕ್ಷೆ ಹಾಕಿದವನು ಅದನ್ನು ಮರಳಿ ಕೇಳುವಂತಿಲ್ಲ ಎಂಬ ಹಳೆಯ ಮರ್ಯಾದೆಯೇ ಈ ಚಿಕಿತ್ಸೆಯ ಬೆನ್ನೆಲುಬಾಗಿತ್ತು. ಕುಡುಕನನ್ನು ಅಪರಾಧಿಯೆಂದು ಮುಂಬಯಿಯ ಕಾಯಿದೆ ಕಂಡಿತ್ತು, ಗಿರಾಕಿಯೆಂದು ಮೈಸೂರಿನ ಕಾಯಿದೆ ಕಂಡಿತ್ತು. ಜೋಳಿಗೆಯು ಅವನನ್ನು ದಾನಿಯ ಸ್ಥಾನದಲ್ಲಿ ನಿಲ್ಲಿಸಿತು. ಬಿದ್ದವನಿಗೆ ಮಾನವನ್ನು ಕೊಟ್ಟು ಎತ್ತುವ ಈ ಉಪಾಯದಲ್ಲಿರುವ ಮನೋವಿಜ್ಞಾನವನ್ನು ಆಸ್ಪತ್ರೆಗಳು ಇನ್ನೂ ಪೂರ್ಣವಾಗಿ ಕಲಿತಿಲ್ಲವೆಂದೇ ನಾನು ತಿಳಿಯುತ್ತೇನೆ. 2018ರ ಮೇ 19ರಂದು ಅವರು ಲಿಂಗೈಕ್ಯರಾಗುವವರೆಗೂ ಈ ಜೋಳಿಗೆ ಹೆಗಲಿನಿಂದ ಇಳಿಯಲಿಲ್ಲ. ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯ ಸರಕಾರವು ಈಚೆಗೆ ವ್ಯಸನಮುಕ್ತ ದಿನವೆಂದು ಆಚರಿಸುತ್ತಲಿದೆ.

ಜೋಳಿಗೆಗೆ ಸರಕಾರದ ಅನುದಾನವಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಇದನ್ನೇ ಮುಂದಿಟ್ಟುಕೊಂಡು, ಮಠಮಾನ್ಯಗಳು ಮಾಡುವ ಕೆಲಸಕ್ಕೆ ಸರಕಾರದ ಹಣವೇಕೆ ಎಂದು ಕೇಳುವವರಿದ್ದಾರೆ. ಅವರು ವೈದ್ಯಶಾಸ್ತ್ರದ ಒಂದು ಮಾತನ್ನು ಲಕ್ಷ್ಯಕ್ಕೆ ತಂದುಕೊಳ್ಳಬೇಕು. ಹತ್ತಿಪ್ಪತ್ತು ವರ್ಷ ದಿನಂಪ್ರತಿ ಕುಡಿದ ದೇಹವು ಮದ್ಯವನ್ನು ಒಮ್ಮೆಲೇ ಬಿಟ್ಟರೆ ಎರಡು-ಮೂರು ದಿನಗಳಲ್ಲಿ ಕೈ ನಡುಕ, ನಿದ್ರಾನಾಶ, ಕೆಲವರಿಗೆ ಮೂರ್ಛೆಯ ಸೆಳೆತ, ಇನ್ನು ಕೆಲವರಿಗೆ ಇಲ್ಲದ್ದನ್ನು ಕಾಣುವ ಭಯಂಕರ ಸನ್ನಿ, ಇವೆಲ್ಲ ಬರುವವು. ಔಷಧವಿಲ್ಲದಿದ್ದರೆ ಪ್ರಾಣಕ್ಕೂ ಅಪಾಯ. ಶಪಥ ಮಾಡಿದವನು ಮೂರನೆಯ ದಿನ ಅಂಗಡಿಗೆ ಓಡಿದನೆಂದರೆ ಅದು ಯಾವಾಗಲೂ ಶಪಥದ ಸಡಿಲಲ್ಲ, ಅನೇಕ ವೇಳೆ ನರಗಳ ಹಿಂಸೆ. ಅಂಥವನಿಗೆ ಹಾಸಿಗೆ, ವೈದ್ಯ, ದಾದಿ ಮತ್ತು ಕೆಲವು ವಾರಗಳ ಕಾವಲು ಬೇಕು. ಇವು ಹಣವಿಲ್ಲದೆ ಬಾರವು. ಹಣವಿಲ್ಲದ ಕಡೆ ಏನು ಬರುತ್ತದೆಂಬುದನ್ನು ನಮ್ಮ ಹೆಣ್ಣುಮಕ್ಕಳು ಬಲ್ಲರು: ಪೇಟೆಯಲ್ಲಿ ಯಾರೋ ಮಾರುವ ಹೆಸರಿಲ್ಲದ ಪುಡಿಯನ್ನು ಗಂಡನಿಗೋ ಮಗನಿಗೋ ತಿಳಿಯದಂತೆ ಸಾರಿನಲ್ಲಿ ಬೆರೆಸುವದು, ಮುಂದೆ ದೇವರ ಇಚ್ಛೆ.

ಭಾರತ ಸರಕಾರವು ಈ ಕಡೆಗೆ ಕಣ್ತೆರೆದದ್ದು ಜೋಳಿಗೆ ಹೊರಟ ಹತ್ತು ವರ್ಷಗಳ ಮೇಲೆ. 1985ರಲ್ಲಿ ಮಾದಕ ದ್ರವ್ಯಗಳ ಕಾಯಿದೆ ಬಂದಿತು. ಅದರ 71ನೆಯ ಕಲಮು ವ್ಯಸನಿಗಳನ್ನು ಗುರುತಿಸಿ ಚಿಕಿತ್ಸೆ ಕೊಡುವ ಕೇಂದ್ರಗಳನ್ನು ಸರಕಾರ ಸ್ಥಾಪಿಸಬಹುದೆಂದಿತು, ಸ್ಥಾಪಿಸಲೇಬೇಕೆನ್ನಲಿಲ್ಲ. 1985-86ರಿಂದ ಕಲ್ಯಾಣ ಮಂತ್ರಾಲಯವು ಸ್ವಯಂಸೇವಾ ಸಂಸ್ಥೆಗಳಿಗೆ ಅನುದಾನ ಕೊಡುವ ಯೋಜನೆಯನ್ನು ಆರಂಭಿಸಿತು. ಅದೇ ಕಾಲದಲ್ಲಿ ಆರೋಗ್ಯ ಮಂತ್ರಾಲಯವೂ ಆಸ್ಪತ್ರೆಗಳಲ್ಲಿ ವ್ಯಸನಮುಕ್ತಿ ವಿಭಾಗಗಳಿಗೆ ನೆರವು ನೀಡತೊಡಗಿತು. ಕಲ್ಯಾಣ ಮಂತ್ರಾಲಯದ ಯೋಜನೆಯ ಪ್ರಕಾರ, ಮಂಜೂರಾದ ವೆಚ್ಚದ ನೂರಕ್ಕೆ 90ರಷ್ಟನ್ನು ಕೇಂದ್ರವು ಕೊಡುವದು, ಉಳಿದದ್ದನ್ನು ಸಂಸ್ಥೆಯು ಕೂಡಿಸಿಕೊಳ್ಳುವದು. ಹದಿನೈದೋ ಮೂವತ್ತೋ ಹಾಸಿಗೆಯ ಕೇಂದ್ರ, ಅದಕ್ಕೊಬ್ಬ ವೈದ್ಯ, ಸಮಾಲೋಚಕರು, ದಾದಿಯರು. ಕಾಗದದ ಮೇಲೆ ಇದು ಉದಾರವಾದ ಏರ್ಪಾಟು. ಆದರೆ ಅರ್ಜಿಯು ಜಿಲ್ಲೆಯಿಂದ ರಾಜ್ಯಕ್ಕೆ, ರಾಜ್ಯದಿಂದ ದಿಲ್ಲಿಗೆ ಹೋಗಿ, ತಪಾಸಣೆಯಾಗಿ, ಕಂತು ಬಿಡುಗಡೆಯಾಗುವಷ್ಟರಲ್ಲಿ ಆರ್ಥಿಕ ವರ್ಷವೇ ಕಳೆಯುವದೆಂಬುದು ಈ ಸಂಸ್ಥೆಗಳನ್ನು ನಡೆಸುವವರ ಹಳೆಯ ಅಳಲು. ಕಂತು ಬಾರದ ತಿಂಗಳು ದಾದಿಗೆ ಸಂಬಳವಿಲ್ಲ. ಸಂಬಳವಿಲ್ಲದ ದಾದಿ ಬೇರೆ ಕೆಲಸ ಹುಡುಕುವಳು. ರೋಗಿಯು ಮನೆಗೆ ಹೋಗುವನು.

ನಮ್ಮ ರಾಜ್ಯದಲ್ಲಿ ವಿದ್ಯೆಗೆ ಕೊರತೆಯಿರಲಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ವ್ಯಸನ ಚಿಕಿತ್ಸೆಗೆ ಪ್ರತ್ಯೇಕ ವಿಭಾಗವನ್ನು ತೆರೆಯಿತು. ಅದೇ ಸಂಸ್ಥೆಯ ನೇತೃತ್ವದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ 1985ರಿಂದ ನಡೆದ ಪ್ರಯೋಗವು, ಮಾನಸಿಕ ಚಿಕಿತ್ಸೆಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯನೇ ಕೊಡಬಲ್ಲನೆಂಬುದನ್ನು ತೋರಿಸಿಕೊಟ್ಟಿತು. 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ದೇಶವೆಲ್ಲ ಅದನ್ನೇ ಮಾದರಿಯಾಗಿ ತೆಗೆದುಕೊಂಡಿತು. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರಗಳು ಉತ್ತರ ಕರ್ನಾಟಕದ ಹಳ್ಳಿಗಳಿಗೂ ಬಂದವು. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಿಂದ ಮಂಗಳವಾರದ ದಿನ ತಾಲೂಕಾ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕಾಣುವ ಸೌಕರ್ಯವಾಯಿತು. ಇವೆಲ್ಲ ಸ್ತುತ್ಯವಾದವುಗಳೇ. ಇವುಗಳ ಬಾಗಿಲಿಗೆ ಬರುವವನು ಮಾತ್ರ ಸಾಮಾನ್ಯವಾಗಿ ನಲವತ್ತು ದಾಟಿದ, ಯಕೃತ್ತು ಕೆಡಿಸಿಕೊಂಡ, ಹೊಲವನ್ನು ಒತ್ತೆಯಿಟ್ಟ ಗೃಹಸ್ಥ. ಹದಿನಾರರ ಹುಡುಗನು ಬರುವದಿಲ್ಲ. ಬರುವ ಅಗತ್ಯ ತನಗಿದೆಯೆಂದು ಅವನಿಗೆ ತೋರುವದಿಲ್ಲ, ತಂದೆತಾಯಿಗಳಿಗೆ ತೋರಿದರೂ ಮಗಳ ಮದುವೆ ಮನೆತನದ ಹೆಸರು ಎಂಬ ಅಂಜಿಕೆಯಿಂದ ಹೊರಗೆ ತೋರಗೊಡುವದಿಲ್ಲ.

ಎಳೆಯರ ಪ್ರಶ್ನೆ ಪ್ರತ್ಯೇಕ ಪ್ರಶ್ನೆಯೆಂದು ಸ್ಪಷ್ಟವಾಗಿ ಹೇಳಿದ್ದು ಸರ್ವೋಚ್ಚ ನ್ಯಾಯಾಲಯ. ಬಚಪನ್ ಬಚಾವೋ ಆಂದೋಲನದ ಮೊಕದ್ದಮೆಯಲ್ಲಿ 2016ರ ಡಿಸೆಂಬರಿನಲ್ಲಿ ಅದು ನೀಡಿದ ತೀರ್ಪಿನಲ್ಲಿ, ಮಕ್ಕಳಲ್ಲಿಯ ಮಾದಕಸೇವನೆಯನ್ನು ಕುರಿತು ರಾಷ್ಟ್ರೀಯ ಸಮೀಕ್ಷೆ ಮಾಡಬೇಕು, ಯೋಜನೆ ರೂಪಿಸಬೇಕು, ಶಾಲೆಯ ಪಾಠಕ್ರಮದಲ್ಲಿ ವಿಷಯವನ್ನು ಸೇರಿಸಬೇಕು ಎಂದು ಆದೇಶಿಸಿತು. 2019ರ ಫೆಬ್ರುವರಿಯಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯು, 10ರಿಂದ 75ರ ವಯಸ್ಸಿನ ಭಾರತೀಯರಲ್ಲಿ ನೂರಕ್ಕೆ 14.6 ಜನ ಮದ್ಯ ಸೇವಿಸುತ್ತಾರೆಂದೂ, ಮದ್ಯಕ್ಕೆ ಪೂರ್ಣ ಅಧೀನರಾದ 38 ಜನರಲ್ಲಿ ಒಬ್ಬನಿಗೆ ಮಾತ್ರ ಯಾವುದಾದರೊಂದು ಚಿಕಿತ್ಸೆ ದೊರೆತಿದೆಯೆಂದೂ ತಿಳಿಸಿತು. ಮೂಸಿ ಸೇವಿಸುವ ದ್ರಾವಣಗಳ ವಿಷಯದಲ್ಲಿ ಮಾತ್ರ ದೊಡ್ಡವರಿಗಿಂತ ಮಕ್ಕಳ ಪ್ರಮಾಣ ಹೆಚ್ಚು: ಅಲ್ಲಿ ನೂರಕ್ಕೆ 0.58, ಇಲ್ಲಿ 1.17. ಪಂಕ್ಚರ್ ತಿದ್ದುವ ಅಂಟಿನ ನಳಿಕೆಗೆ ಪರವಾನಿಗೆ ಬೇಡ, ಬೆಲೆಯೂ ಅಲ್ಪ. ಅಬಕಾರಿಯವರು ಅದನ್ನು ನೋಡುವದಿಲ್ಲ, ಅದರಿಂದ ಅವರಿಗೆ ಸುಂಕವಿಲ್ಲ.

ಈ ಸಮೀಕ್ಷೆಯ ಹಿಂದುಮುಂದೆ ಯೋಜನೆಗಳ ಹೆಸರುಗಳು ಬಹಳ ಹುಟ್ಟಿಕೊಂಡವು. 2014ರ ಜನವರಿಯಲ್ಲಿ ಆರಂಭವಾದ ರಾಷ್ಟ್ರೀಯ ಕಿಶೋರ ಆರೋಗ್ಯ ಕಾರ್ಯಕ್ರಮವು 10ರಿಂದ 19ರ ವಯಸ್ಸಿನವರಿಗಾಗಿ ರಚಿತವಾದದ್ದು. ನಮ್ಮಲ್ಲಿಯ ಸ್ನೇಹ ಕ್ಲಿನಿಕ್ಕುಗಳು ಅದರ ಅಂಗ. ಜಿಲ್ಲೆಯ ಕ್ರೀಡಾಂಗಣಗಳಲ್ಲಿ ನಿಮ್ಹಾನ್ಸಿನ ಸಹಕಾರದಿಂದ ನಡೆಯುವ ಯುವಸ್ಪಂದನ ಕೇಂದ್ರಗಳಲ್ಲಿ ತರುಣರು ತರುಣರೊಡನೆಯೇ ಮಾತನಾಡಬಹುದು. ಮಾದಕ ಬೇಡಿಕೆ ತಗ್ಗಿಸುವ ರಾಷ್ಟ್ರೀಯ ಕಾರ್ಯಯೋಜನೆಯಲ್ಲಿ ಸಮವಯಸ್ಕರ ಮೂಲಕವೇ ಮಕ್ಕಳನ್ನು ತಲುಪುವ ಕೇಂದ್ರಗಳಿಗೆ ಅನುದಾನವಿದೆ. 2020ರ ಆಗಸ್ಟ್ 15ರಂದು 272 ಜಿಲ್ಲೆಗಳಲ್ಲಿ ನಶಾಮುಕ್ತ ಭಾರತ ಅಭಿಯಾನ ಆರಂಭವಾಯಿತು. ಆದರೆ ಅಭಿಯಾನವೆಂಬುದು ಬಹುಮಟ್ಟಿಗೆ ಮೆರವಣಿಗೆ, ಪ್ರತಿಜ್ಞೆ, ಫಲಕ ಮತ್ತು ಛಾಯಾಚಿತ್ರ. ಪ್ರತಿಜ್ಞೆಯಲ್ಲಿ ಇಳಕಲ್ಲಿನ ಜೋಳಿಗೆಯನ್ನು ಸರಕಾರ ಮೀರಿಸಲಾರದು. ಸರಕಾರದಿಂದ ಬೇಕಾದದ್ದು ಜೋಳಿಗೆಯಿಂದ ಆಗದ ಕೆಲಸ.

ಹೊರದೇಶದ ಒಂದು ನಿದರ್ಶನ ಇಲ್ಲಿ ಉಪಯುಕ್ತ. ಐಸ್‌ಲೆಂಡೆಂಬ ಸಣ್ಣ ದ್ವೀಪರಾಷ್ಟ್ರದಲ್ಲಿ 1998ರ ಸುಮಾರಿಗೆ ಹದಿನೈದು-ಹದಿನಾರರ ಮಕ್ಕಳಲ್ಲಿ ನೂರಕ್ಕೆ 42 ಜನ ಹಿಂದಿನ ತಿಂಗಳಲ್ಲಿ ಕುಡಿದು ಅಮಲೇರಿದ್ದವರಾಗಿದ್ದರು. ಅಲ್ಲಿಯ ಸರಕಾರ ಮತ್ತು ನಗರಸಭೆಗಳು ಉಪದೇಶವನ್ನು ಕಡಿಮೆ ಮಾಡಿ, ಮಕ್ಕಳ ಸಂಜೆಯ ಆಟ, ಸಂಗೀತ, ನೃತ್ಯಗಳಿಗೆ ಹಣ ತೆತ್ತವು, ತಂದೆತಾಯಿಗಳ ಸಂಘಗಳನ್ನು ಕಟ್ಟಿದವು, ವರ್ಷವರ್ಷವೂ ಶಾಲೆಗಳಲ್ಲಿ ಸಮೀಕ್ಷೆ ಮಾಡಿ ಫಲವನ್ನು ಅಳೆದವು. 2016ಕ್ಕೆ ಆ 42 ಎಂಬುದು 5ಕ್ಕೆ ಇಳಿಯಿತು. ಇದನ್ನು ಓದಿದಾಗ ನನಗೆ ನಮ್ಮ ಗರಡಿಯ ಕೆಮ್ಮಣ್ಣಿನ ನೆನಪಾಯಿತೆಂದರೆ ಓದುಗರು ಅಭಿಮಾನದ ಮಾತೆಂದು ತಳ್ಳಿಹಾಕಬಾರದು. ತತ್ತ್ವವು ಅದೇ, ಅವರು ಅದಕ್ಕೆ ಹಣವನ್ನೂ ಅಳತೆಗೋಲನ್ನೂ ಕೂಡಿಸಿದರು, ನಾವು ಗರಡಿಯನ್ನು ಬೀಳಗೊಟ್ಟೆವು.

2007ರ ಜುಲೈ 1ರಂದು ಕರ್ನಾಟಕದಲ್ಲಿ ಸಾರಾಯಿ ನಿಂತಿತು. ಧಾರವಾಡದ ಗುಂಡೇಟಿನ ದಿನಾಂಕವೂ ಅದೇ ಆದದ್ದು ಆಕಸ್ಮಿಕ. ಯಾರೂ ಅದನ್ನು ನೆನೆದಂತೆ ತೋರಲಿಲ್ಲ. ಪಾಕೀಟಿನ ಸಾರಾಯಿ ಹೋದ ಸ್ಥಳಕ್ಕೆ ಅಗ್ಗದ ವಿಸ್ಕಿಯ ಕಾಗದದ ಪೊಟ್ಟಣ ಬಂದಿತು. ಅದನ್ನು ಹಂಚುವದು 2003ರಲ್ಲಿ ಸ್ಥಾಪಿತವಾದ ಸರಕಾರದ್ದೇ ಪಾನೀಯ ನಿಗಮ. 2013ರ ಮೇ ತಿಂಗಳಲ್ಲಿ ಗುಟ್ಕಾ ನಿಷೇಧವಾಯಿತು. ಅಡಿಕೆಯ ಚೀಟಿ ಬೇರೆ, ತಂಬಾಕಿನ ಚೀಟಿ ಬೇರೆಯಾಗಿ ಅಂಗಡಿಯ ಮುಂದೆ ಜೋತುಬಿದ್ದವು, ಕೊಂಡವನು ಬಾಯಲ್ಲಿ ಕೂಡಿಸಿಕೊಂಡನು. ಶಾಲೆಯಿಂದ ನೂರು ಗಜದೊಳಗೆ ತಂಬಾಕು ಮಾರಬಾರದೆಂದು 2003ರ ಕಾಯಿದೆ ಹೇಳುತ್ತದೆ. ಮಗುವಿಗೆ ಮದ್ಯವನ್ನೋ ಮಾದಕವನ್ನೋ ಕೊಟ್ಟವನಿಗೆ ಏಳು ವರ್ಷದವರೆಗೆ ಕಾರಾಗೃಹ, ಒಂದು ಲಕ್ಷ ರೂಪಾಯಿಯವರೆಗೆ ದಂಡ ಎಂದು 2015ರ ಬಾಲನ್ಯಾಯ ಕಾಯಿದೆ ಹೇಳುತ್ತದೆ. ಶಾಸನದ ಕೊರತೆ ನಮಗೆಂದೂ ಇರಲಿಲ್ಲ. 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಹೋದ ಸಾವಿರಾರು ಹಳ್ಳಿಯ ಹೆಂಗಸರು ಮದ್ಯನಿಷೇಧವನ್ನು ಬೇಡಿದರು, ಬೊಕ್ಕಸವು ಒಪ್ಪಲಿಲ್ಲ.

ಒಪ್ಪುವದು ಬೊಕ್ಕಸಕ್ಕೆ ಸುಲಭವೂ ಅಲ್ಲ. 2025-26ನೆಯ ಸಾಲಿಗೆ ಕರ್ನಾಟಕವು ಅಬಕಾರಿಯಿಂದ ಇಟ್ಟುಕೊಂಡ ಗುರಿ 40,000 ಕೋಟಿ ರೂಪಾಯಿ. 1919ರ ವಿಡಂಬನೆಯು ಇಂದಿಗೂ ರೂಪಾಂತರದಲ್ಲಿ ಜೀವಂತವಾಗಿದೆ. ಮದ್ಯದ ಹಣದಿಂದ ಶಾಲೆಯಷ್ಟೇ ಏಕೆ, ರಸ್ತೆ, ಆಸ್ಪತ್ರೆ, ವೃದ್ಧರ ವೇತನ ಎಲ್ಲವೂ ಒಂದಂಶದಲ್ಲಿ ನಡೆಯುತ್ತಲಿವೆ. ಸಂಪೂರ್ಣ ನಿಷೇಧವನ್ನು 1950ರಿಂದ ಹದಿನೇಳು ವರ್ಷ ಅನುಭವಿಸಿದ ಈ ಸೀಮೆಗೆ ಅದರ ಮೇಲೆ ಬಹಳ ಭರವಸೆಯಿಲ್ಲ. ಆದರೆ ಮಾರುವವನೇ ಎಚ್ಚರಿಸುವವನೂ ಆಗಬೇಕೆಂಬ ಹೆಂಡದ ಮಾರಯ್ಯನ ಧರ್ಮವನ್ನಾದರೂ ಸರಕಾರವು ಪಾಲಿಸಬಹುದಾಗಿದೆ. ಆ 40,000 ಕೋಟಿಯಲ್ಲಿ ನೂರಕ್ಕೆ ಒಂದು ಪಾಲನ್ನು, ಎಂದರೆ 400 ಕೋಟಿಯನ್ನು, ವರ್ಷದ ಕೊನೆಗೆ ಮಿಕ್ಕ ಹಣವಾಗಿ ಕೊಡದೆ, ವರ್ಷದ ಮೊದಲ ದಿನವೇ ತೆಗೆದಿರಿಸಿದರೆ, 31 ಜಿಲ್ಲೆಗಳಿಗೆ ಸರಾಸರಿ ಸುಮಾರು 13 ಕೋಟಿ ಬರುವದು. ಬಾಗಲಕೋಟೆಯಂಥ ಜಿಲ್ಲೆಗೆ ಅಷ್ಟರಲ್ಲಿ ಎಳೆಯರಿಗಾಗಿಯೇ ಒಂದು ಚಿಕಿತ್ಸಾಲಯವೂ, ತಾಲೂಕಿಗೆ ಕೆಲವರಂತೆ ಖಾಯಂ ಸಮಾಲೋಚಕರೂ, ಹಳೆಯ ಗರಡಿಗಳಿಗೂ ಆಟದ ಬಯಲುಗಳಿಗೂ ನೆರವೂ ದೊರೆಯಬಹುದು. ಎಳೆಯನ ಚಟಕ್ಕೆ ಹಾಸಿಗೆ ಬೇಕಾಗುವದು ವಿರಳ. ಹೆಚ್ಚಿನ ಹುಡುಗರಿಗೆ ನಂಬಿಗಸ್ಥನಾದ ಒಬ್ಬನೊಡನೆ ಕೆಲವು ಸಲದ ಮಾತು, ಮನೆಯವರೊಡನೆ ಮಾತು, ಸಂಜೆಗೊಂದು ಕೆಲಸ ಸಾಕಾಗುವದು. ಆ ವಯಸ್ಸಿನಲ್ಲಿ ಉಳಿಸಿದ ವೆಚ್ಚವನ್ನೇ ಇಪ್ಪತ್ತು ವರ್ಷಗಳ ತರುವಾಯ ಮೂವತ್ತು ಹಾಸಿಗೆಯ ಆಸ್ಪತ್ರೆಗೆ ತೆರಬೇಕಾಗುವದು.

ಕೆರೂರಿನ ಪಟ್ಟಣ ಪಂಚಾಯತಿಯವರೂ ಸುತ್ತಲಿನ ಗ್ರಾಮ ಪಂಚಾಯತಿಗಳ ಹಿರಿಯರೂ ಬರುವ ಆಯವ್ಯಯದ ಸಭೆಯಲ್ಲಿ ತರುಣರ ವ್ಯಸನಮುಕ್ತಿಗೆಂದು ಒಂದು ಪ್ರತ್ಯೇಕ ಶೀರ್ಷಿಕೆಯನ್ನು ಕೇಳಿ ಬರೆಯಿಸಬೇಕು, ಮೊಬಲಗು ಎಷ್ಟೇ ಸಣ್ಣದಿರಲಿ. ಶಾಸಕರು ಅಬಕಾರಿಯ ಪಾಲನ್ನು ಬೆಂಗಳೂರಿನಲ್ಲಿ ಕೇಳಬೇಕು. ಅಲ್ಲಿಯವರೆಗೆ, ಮನೆಯಲ್ಲಿ ಮಗನೋ ಮಗಳೋ ದಾರಿ ತಪ್ಪುತ್ತಿರುವದು ಕಂಡವರು ನೆರೆಹೊರೆಗೆ ಅಂಜದೆ 14446 ಎಂಬ ವ್ಯಸನಮುಕ್ತಿ ಸಹಾಯವಾಣಿಗೆ ಅಥವಾ 14416 ಎಂಬ ಟೆಲಿ-ಮಾನಸ್ ಸಂಖ್ಯೆಗೆ ದೂರವಾಣಿ ಮಾಡಬಹುದು. ಬಾದಾಮಿಯ ತಾಲೂಕಾ ಆಸ್ಪತ್ರೆಗೆ ಮಂಗಳವಾರ ಹೋಗಿ ಮನೋವೈದ್ಯರನ್ನು ವಿಚಾರಿಸಬಹುದು.